ಅತ್ತೆ ಬಿದ್ದರೆ ರಜೆ ಇಲ್ಲ (ಭಾಗ 3)

1/3
ಆ ರೀಲ್ಸ್ ನಿಮಗೂ ಬಂದಿರುತ್ತೆ. ವೃದ್ಧಾಶ್ರಮದ ಗೇಟು, ಒಂದು ಅಜ್ಜಿಯ ಕಣ್ಣೀರು, ಹಿಂದೆ ಅಳಿಸೋ ಮ್ಯೂಸಿಕ್ಕು. ಕೆಳಗೆ 'ಇಂಥ ಮಕ್ಕಳು ಇದ್ದರೆಷ್ಟು, ಬಿಟ್ಟರೆಷ್ಟು'. ನಮ್ಮ ಕ್ಲಾಸ್ ಗ್ರೂಪಿಗೂ ಹಾಕಿದ್ರಿ, ನಾನೂ ಹಾರ್ಟ್ ಒತ್ತಿದ್ದೆ. ಈಗ ವಾಪಸ್ ತಗೋತಿದ್ದೀನಿ.

ಹೋದ ಶ್ರಾವಣದಲ್ಲಿ ನಮ್ಮಜ್ಜಿಗೆ ಲಕ್ವ ಹೊಡೀತು. ಬಲಗೈ, ಬಲಗಾಲು ಹೋಯ್ತು. ಊಟ ಮಾಡಿಸಬೇಕು, ಮೈ ಒರೆಸಬೇಕು, ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಏಳೂವರೆಗೆ ವ್ಯಾನು. ಹದಿನೈದು ದಿನ ರಜೆ ಕೇಳಿದ್ದಕ್ಕೆ ಸೂಪರ್‌ವೈಸರ್ ಕೇಳಿದ್ದು: 'ನಿಮ್ಮನೇಲಿ ಬೇರೆ ಯಾರೂ ಇಲ್ವಾ?' ಮೂರು ದಿನ ಹೋಗಲಿಲ್ಲ, ಆ ದಿನಗಳ ಸಂಬಳದ ಜೊತೆ ಅಟೆಂಡೆನ್ಸ್ ಬೋನಸ್ಸೂ ಹೋಯ್ತು. ನಾಲ್ಕನೇ ತಿಂಗಳಿಗೆ ಕೆಲಸಾನೇ ಬಿಟ್ಟಳು.

2/3
ಈಗ ಕಾನೂನು ನೋಡಿ. ನೋಡಿಕೊಳ್ಳಬೇಕಾದವರು ಹಿರಿಯರನ್ನು ಎಲ್ಲೋ ಬಿಟ್ಟು ಪೂರ್ತಿ ಕೈತೊಳೆದುಕೊಂಡರೆ, 2007ರ ಕಾಯ್ದೆ ಪ್ರಕಾರ 3 ತಿಂಗಳವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಸರಿ, ಇರಲಿ. ಆದ್ರೆ ಅವರನ್ನ ನೋಡ್ಕೊಳ್ಳೋಕೆ ಅಂತಲೇ ಖಾಸಗಿ ಕೆಲಸಗಾರರಿಗೆ ಒಂದು ದಿನ ಸಂಬಳದ ರಜೆ ಯಾವ ಕಾಯ್ದೆಯಲ್ಲಿದೆ ಹೇಳಿ? ಹೆರಿಗೆಗೆ 26 ವಾರ ಇದೆ, ಇರಲೇಬೇಕು. ಅಮ್ಮನಿಗೇ ಕಾಯಿಲೆ ಬಂದ್ರೆ ಇಎಸ್‌ಐ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ಕೂಲಿ ಕೊಡುತ್ತೆ. ಅತ್ತೆ ಹಾಸಿಗೆ ಹಿಡಿದ್ರೆ? ಸೊನ್ನೆ. ಇರೋದು 20 ದಿನ ದುಡಿದ್ರೆ 1 ದಿನದ ಗಳಿಕೆ ರಜೆ. ಹಬ್ಬ, ಮದುವೆ, ಸಾವು ಎಲ್ಲ ಅದರಲ್ಲೇ.

'ಹಿಂಗೆ ರಜೆ ಕೊಟ್ರೆ ಫ್ಯಾಕ್ಟರಿ ಮುಳುಗುತ್ತೆ' ಅನ್ನೋ ಕಾಮರ್ಸ್ ಪಂಡಿತರೇ, ಕಾಸ್ಟಿಂಗ್‌ನಲ್ಲಿ ಲೇಬರ್ ಟರ್ನೋವರ್ ಓದಿದ್ದು ಪರೀಕ್ಷೆಗೆ ಮಾತ್ರಾನಾ? ಹೊಸಬರನ್ನ ಹುಡುಕೋ ಖರ್ಚು, ಕಲಿಸೋ ಖರ್ಚು, ಕಲಿಯೋವಾಗ ಹಾಳಾಗೋ ಬಟ್ಟೆ. ಹನ್ನೊಂದು ವರ್ಷ ಪಳಗಿದ ಕೈ ಕಳ್ಕೊಳ್ಳೋದಕ್ಕಿಂತ ಹದಿನೈದು ದಿನದ ರಜೆ ದುಬಾರಿನಾ?

3/3
ಆದ್ರೆ 'ಬೇರೆ ಯಾರೂ ಇಲ್ವಾ' ಅನ್ನೋ ಪ್ರಶ್ನೆ ಇನ್ನೂ ಚುಚ್ಚುತ್ತೆ. ಇದ್ರು. ಅಜ್ಜಿ ಹೆತ್ತ ಮಗ, ನಮ್ಮಪ್ಪ, ಇದ್ರು. ಅವರ ದುಡಿಮೆ ಜಾಸ್ತಿ ಅನ್ನೋ ಲೆಕ್ಕಾನ ಎಲ್ಲರೂ ಒಪ್ಪಿದ್ವಿ. ನಾನಿದ್ದೆ. ಒಂದೂವರೆಗೆ ನನ್ನ ಕಾಲೇಜು ಮುಗಿಯುತ್ತೆ. ಸೆಕೆಂಡ್ ಪಿಯು ಓದೋ ತಂಗಿ ಟ್ಯೂಷನ್ ಬಿಟ್ಟಳು, ನಾನು ಕ್ರಿಕೆಟ್ ಬಿಡಲಿಲ್ಲ. ನನ್ನನ್ನ ಯಾರೂ ಕೇಳಲಿಲ್ಲ, ನಾನೂ ಸುಮ್ಮನಿದ್ದೆ.

ಈಗ ಮಧ್ಯಾಹ್ನದ ಪಾಳಿ ನಂದು. ಮೊದಲ ವಾರ ಅಜ್ಜಿ ನಾಚಿಕೆಗೆ ಕಣ್ಣು ಮುಚ್ಕೋತಿದ್ದಳು, ಈಗ ತೊದಲು ಮಾತಲ್ಲೇ ಬೈತಾಳೆ. ಹೊಗಳೋಕೆ ಬರಬೇಡಿ. ಅಮ್ಮನ ಕೆಲಸ ಹೋದ ಮೇಲೆ ಬಂದ ಬುದ್ಧಿ ಇದು.

ಆ ರೀಲ್ಸ್ ಮತ್ತೆ ಶೇರ್ ಮಾಡೋ ಮುಂಚೆ ಕಮೆಂಟಲ್ಲಿ ಬರೀರಿ: ನಿಮ್ಮನೆ ಹಿರಿಯರಿಗೆ ರಾತ್ರಿ ಎದ್ದು ನೀರು ಕೊಡೋರು ಯಾರು? ಬೆಳಗ್ಗೆ ಅವರ ಡ್ಯೂಟಿ ಎಷ್ಟು ಗಂಟೆಗೆ?