ರಿವಾಲ್ವರ್ ಹಿಡಿದು ಎಲ್ಕ್ ಬೇಟೆ: ಅಗತ್ಯವೋ, ಸಂಕಲ್ಪವೋ?

2024ರ ನವೆಂಬರಿನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಮತದಾರರು ಪೂಮಾ ಮತ್ತು ಬಾಬ್‌ಕ್ಯಾಟ್‌ಗಳ ಬೇಟೆಯನ್ನು ನಿಷೇಧಿಸುವ ಪ್ರಸ್ತಾವವನ್ನು ತಿರಸ್ಕರಿಸಿದರು. ಅಹಿಂಸೆಯಲ್ಲಿ ನಂಬಿಕೆಯುಳ್ಳವರಿಗೆ ಇದು ಬೇಸರದ ಸುದ್ದಿ. ಆದರೆ ಆ ಚರ್ಚೆಯಲ್ಲಿ ಹೆಚ್ಚು ಗಮನಿಸಬೇಕಾದದ್ದು ಇನ್ನೊಂದಿತ್ತು. ನಿಷೇಧ ಕೇಳಿದವರೂ ಎಲ್ಕ್ ಬೇಟೆಯನ್ನು ಮುಟ್ಟಲು ಹೋಗಲಿಲ್ಲ. ಅದು ಊಟಕ್ಕಾಗಿ ನಡೆಯುವ ಬೇಟೆ, ಆದ್ದರಿಂದ ಪ್ರಶ್ನಾತೀತ ಎಂಬುದು ಅಲ್ಲಿನ ಸಾಮಾನ್ಯ ಅಭಿಪ್ರಾಯ.

ಎಲ್ಕ್ ನಮ್ಮ ಕಾಡಿನ ಕಡವೆಯ ದೂರದ ನೆಂಟ. ಬಲಿತ ಗಂಡು 300 ಕಿಲೋ ದಾಟುತ್ತದೆ. ಯುರೋಪಿನಲ್ಲಿ ಎಲ್ಕ್ ಎಂದರೆ ಮೂಸ್, ಅದು ಬೇರೆಯೇ ಪ್ರಾಣಿ. ಅಮೆರಿಕದ ರಾಜ್ಯಗಳ ಪೈಕಿ ಅತಿ ಹೆಚ್ಚು ಎಲ್ಕ್‌ಗಳಿರುವುದು ಕೊಲೊರಾಡೊದಲ್ಲಿ. ಪ್ರತಿ ವರ್ಷ ಪರವಾನಗಿ ಪಡೆದವರು ಅವುಗಳನ್ನು ಬೇಟೆಯಾಡುತ್ತಾರೆ. ಹೆಚ್ಚಿನವರ ಕೈಯಲ್ಲಿ ರೈಫಲ್, ಕೆಲವರ ಕೈಯಲ್ಲಿ ಬಿಲ್ಲು, ಇನ್ನು ಕೆಲವರ ಕೈಯಲ್ಲಿ ರಿವಾಲ್ವರ್.

ರಿವಾಲ್ವರಿನಿಂದ ಇಂಥ ದೊಡ್ಡ ಮೃಗವನ್ನು ಕೊಲ್ಲುವ ಹವ್ಯಾಸಕ್ಕೆ ಬಲ ಬಂದದ್ದು 1955ರಲ್ಲಿ .44 ಮ್ಯಾಗ್ನಂ ತೋಟಾ ಮಾರುಕಟ್ಟೆಗೆ ಬಂದ ಮೇಲೆ. ಐಡಾಹೊದ ಬೇಟೆ ಲೇಖಕ ಎಲ್ಮರ್ ಕೀತ್ ಅದರ ಹಿಂದಿನ ದೊಡ್ಡ ಒತ್ತಾಸೆ. ಇಂದು ಕೊಲೊರಾಡೊದ ನಿಯಮ ಇದನ್ನು ಅಳತೆಗಳಲ್ಲಿ ಹೇಳುತ್ತದೆ: ನಳಿಗೆ ಕನಿಷ್ಠ 4 ಅಂಗುಲ, ಗುಂಡಿನ ವ್ಯಾಸ ಕನಿಷ್ಠ .24 ಕ್ಯಾಲಿಬರ್, ಗುಂಡು ದೇಹದೊಳಗೆ ಹಿಗ್ಗುವಂಥದ್ದಾಗಿರಬೇಕು, 50 ಗಜ ದೂರದಲ್ಲಿ 550 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು. ಬಡಿತ ಎಷ್ಟು ಜೋರಾಗಿರಬೇಕು ಎಂಬುದನ್ನು ನಿಯಮ ಹೇಳಿತು. ಬಡಿಯುವ ಕೈಯನ್ನು ಅಳೆಯಲಿಲ್ಲ. ಬೇಟೆ ಶಿಕ್ಷಣದ ಪ್ರಮಾಣಪತ್ರ ಬೇಕು, ಆದರೆ ರಿವಾಲ್ವರ್ ಹಿಡಿಯುವವನ ಗುರಿಗೆ ಪ್ರತ್ಯೇಕ ಪರೀಕ್ಷೆಯಿಲ್ಲ.

ಎಲ್ಕ್ ಬೇಟೆಗೆ ಕೊಡುವ ಸಮರ್ಥನೆಗಳು ಮುಖ್ಯವಾಗಿ ಎರಡು. ಒಂದು ಮಾಂಸ, ಕೊಂದ ಮೇಲೆ ಮಾಂಸವನ್ನು ಕೊಳೆಯಲು ಬಿಡುವುದು ಕೊಲೊರಾಡೊದಲ್ಲಿ ಅಪರಾಧವೂ ಹೌದು. ಇನ್ನೊಂದು ಸಂಖ್ಯೆಯ ಹತೋಟಿ. ಮನುಷ್ಯರೇ ಆ ರಾಜ್ಯದ ತೋಳಗಳನ್ನು ಕಳೆದ ಶತಮಾನದ ನಡುವಿನ ಹೊತ್ತಿಗೆ ನಿರ್ಮೂಲ ಮಾಡಿದ್ದರು. ಮತದಾರರ ತೀರ್ಮಾನದಂತೆ ಅವುಗಳನ್ನು ಮತ್ತೆ ಬಿಡಲಾರಂಭಿಸಿದ್ದು 2023ರ ಡಿಸೆಂಬರಿನಲ್ಲಿ. ತೋಳ ಮಾಡಬೇಕಾದ ಕೆಲಸವನ್ನು ಬೇಟೆಗಾರ ಮಾಡುತ್ತಾನೆ ಎಂಬ ವಾದ ಹುಟ್ಟಿದ್ದು ಹೀಗೆ. ಈ ವಾದಗಳನ್ನು ಜೈನ ದೃಷ್ಟಿ ಒಪ್ಪುವುದಿಲ್ಲ, ಅದು ಬೇರೆ ಮಾತು. ಸದ್ಯಕ್ಕೆ ಒಪ್ಪಿದೆವು ಎಂದೇ ಇಟ್ಟುಕೊಂಡರೂ ಇವೆರಡೂ ರಿವಾಲ್ವರನ್ನು ವಿವರಿಸುವುದಿಲ್ಲ. ಮಾಂಸವೇ ಬೇಕಿದ್ದರೆ, ಹತೋಟಿಯೇ ಗುರಿಯಾಗಿದ್ದರೆ, ರೈಫಲ್ ಹೆಚ್ಚು ಖಚಿತ. ಸಾಮಾನ್ಯ .30-06 ರೈಫಲ್ ಗುಂಡಿನ ಶಕ್ತಿ .44 ಮ್ಯಾಗ್ನಂನ ಮೂರು ಪಟ್ಟಿನ ಆಸುಪಾಸಿನದು.

ಹಾಗಾದರೆ ರಿವಾಲ್ವರ್ ಏಕೆ? ಕಷ್ಟ ಎಂಬುದಕ್ಕೇ. ಹತ್ತಿರ ಹೋಗಬೇಕು, ಉಸಿರು ಬಿಗಿಹಿಡಿಯಬೇಕು, ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಹೆಚ್ಚು, ಇದು ನ್ಯಾಯದ ಬೇಟೆ ಎನ್ನುತ್ತಾರೆ ಅದರ ಅಭಿಮಾನಿಗಳು. ಅವರಲ್ಲಿ ಸಂಯಮಿಗಳೂ ಇದ್ದಾರೆ. ಖಚಿತವಾಗದ ಹೊರತು ಗುಂಡು ಹಾರಿಸದೆ ಹಿಂದಿರುಗುವವರಿದ್ದಾರೆ. ಆದರೆ ಗುಂಡು ಹಾರಿಸುವುದಕ್ಕೆ ಮುಂಚಿನ ಕಷ್ಟ ಬೇಟೆಗಾರನದು, ಹಾರಿಸಿದ ಮೇಲಿನ ಕಷ್ಟ ಪ್ರಾಣಿಯದು. ನಳಿಗೆ ಗಿಡ್ಡವಾದಷ್ಟೂ ಕೈಯ ಸಣ್ಣ ನಡುಕ ದೊಡ್ಡ ತಪ್ಪಾಗುತ್ತದೆ. ಹೃದಯ, ಶ್ವಾಸಕೋಶಗಳಿರುವ ಜಾಗ ತಪ್ಪಿ ಗುಂಡು ಹೊಟ್ಟೆಗೆ ಬಿದ್ದರೆ ಎಲ್ಕ್ ಗಂಟೆಗಟ್ಟಲೆ ನರಳುತ್ತಾ ಕಾಡು ಸೇರುತ್ತದೆ. ಅದಕ್ಕೆ ಈ ಆಟದ ನಿಯಮ ಗೊತ್ತಿಲ್ಲ, ಆಡಲು ಒಪ್ಪಿಯೂ ಇಲ್ಲ.

ಜೈನ ಆಚಾರ್ಯರು ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ವಿಂಗಡಿಸಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಡುಗೆಯಲ್ಲಿ, ಕಸುಬಿನಲ್ಲಿ, ಆತ್ಮರಕ್ಷಣೆಯಲ್ಲಿ ತಪ್ಪಿಸಲಾಗದೆ ನಡೆಯುವುದು ಮೊದಲ ಮೂರು. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಶ್ರಾವಕನು ಮೊದಲು ಬಿಡಬೇಕಾದದ್ದು ಅದನ್ನೇ. ಬೇಟೆ ಸಪ್ತವ್ಯಸನಗಳಲ್ಲಿ ಸೇರಿದ್ದೂ ಇದೇ ಕಾರಣಕ್ಕೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ರಾಜ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಷ್ಟಕ್ಕೇ ತಾಯಿ, ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಯಿತು. ಅಗತ್ಯದ ನೆಪವನ್ನೂ ಬಿಟ್ಟು, ಕೊಲ್ಲುವ ಕೌಶಲದ ಸವಿಗಾಗಿಯೇ ಆಯುಧ ಆರಿಸಿಕೊಂಡವನ ಸಂಕಲ್ಪ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಇದರ ನಡುವೆ ಒಂದು ಇರುಸುಮುರುಸಿನ ಸತ್ಯವನ್ನೂ ಎದುರಿಸಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಳಿವಿನಂಚಿಗೆ ಬಂದಿದ್ದ ಎಲ್ಕ್ ಇಂದು ಉತ್ತರ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷವಿದೆ. ಅದಕ್ಕೆ ಹಣದ ದೊಡ್ಡ ಪಾಲು ಬಂದದ್ದು ಬೇಟೆಯ ಪರವಾನಗಿಗಳಿಂದ ಮತ್ತು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ತೆರಿಗೆಯಿಂದ. ರೈಫಲ್ ಹಾಗೂ ತೋಟಾಗಳ ಮೇಲೆ ಶೇ. 11, ಪಿಸ್ತೂಲು ಮತ್ತು ರಿವಾಲ್ವರ್‌ಗಳ ಮೇಲೆ ಶೇ. 10. ಬೇಟೆಯನ್ನು ವಿರೋಧಿಸುವವರು ಆ ಹಣದ ಜಾಗಕ್ಕೆ ಬೇರೆ ಹಣ ತೋರಿಸದೆ ಹೋದರೆ ಅವರ ಮಾತನ್ನು ವನ್ಯಜೀವಿ ಇಲಾಖೆ ಕೇಳುವುದು ಕಷ್ಟ. ಕೊಲೊರಾಡೊ 2023ರಲ್ಲಿ ವಾಹನ ನೋಂದಣಿಯ ಜೊತೆಗೆ 29 ಡಾಲರಿನ ಉದ್ಯಾನ ಪಾಸ್ ಸೇರಿಸಿತು. ಬೇಡವೆನ್ನದಿದ್ದರೆ ಎಲ್ಲರೂ ಕಟ್ಟುತ್ತಾರೆ, ಬಂದೂಕು ಮುಟ್ಟದವರೂ ಸಹ. ಸದ್ಯ ಅದರ ಹೆಚ್ಚಿನ ಪಾಲು ಹೋಗುವುದು ರಾಜ್ಯ ಉದ್ಯಾನಗಳಿಗೆ.