ಉಗುರಲ್ಲಿ ಸೆಗಣಿ, ಕೈಯಲ್ಲಿ ರಜತ ಕಮಲ

ಸಿನಿಮಾ ಹುಚ್ಚಿನ ನನ್ನ ಅಕ್ಕ-ತಂಗಿಯರೇ, 2024ರ ಅಕ್ಟೋಬರ್ 8ರಂದು ದಿಲ್ಲಿಯ ವಿಜ್ಞಾನ ಭವನದಲ್ಲಿ 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳನ್ನು ಕೊಟ್ಟರಲ್ಲ, ಅದರ ವಾದ ನಮ್ಮ ತಾಳಿಕೋಟೆಯ ಓಣಿಯಲ್ಲಿ ಇನ್ನೂ ಮುಗಿದಿಲ್ಲ. ನಮ್ಮೂರಿನ ಹೆಸರು 1565ರ ಕಾಳಗದಿಂದ ಶಾಲೆಯ ಪುಸ್ತಕ ಸೇರಿದೆ. ಆ ಕಾಳಗವಾದರೂ ಮುಗಿಯಿತು, ಇದು ಮುಗಿಯುವ ಲಕ್ಷಣ ಕಾಣದು!

ನಟರ ವಿಷಯಕ್ಕೆ ತಕರಾರಿಲ್ಲ. 'ಕಾಂತಾರ'ಕ್ಕೆ ರಿಷಬ್ ಶೆಟ್ಟಿ ಶ್ರೇಷ್ಠ ನಟರಾದರು. 'ಚೋಮನ ದುಡಿ'ಯ ವಾಸುದೇವರಾವ್, 'ತಬರನ ಕಥೆ'ಯ ಚಾರುಹಾಸನ್, 'ನಾನು ಅವನಲ್ಲ ಅವಳು' ಚಿತ್ರದ ಸಂಚಾರಿ ವಿಜಯ್ ಆದ ಮೇಲೆ ಕನ್ನಡ ಚಿತ್ರಕ್ಕೆ ಈ ಗೌರವ ತಂದವರು ಇವರೇ. ಆದರೆ ನನ್ನ ಕಣ್ಣು ಮಾತ್ರ ಆ ಚಿತ್ರದ ತಾಯಿ ಕಮಲೆಯ ಮೇಲೇ ನಿಂತಿತ್ತು. ಮಗನಿಗೆ ಬಾಯಿ ತುಂಬ ಬೈಯುತ್ತಾಳೆ, ಒಳಗೊಳಗೇ ಅವನಿಗಾಗಿ ಹೆದರುತ್ತಾಳೆ. ಮಾನಸಿ ಸುಧೀರ್ ಎಷ್ಟು ಸಹಜವಾಗಿ ಮಾಡಿದ್ದಾರೆ! ಪೋಷಕ ನಟಿ ಪ್ರಶಸ್ತಿ ಹಿಂದಿಯ ನೀನಾ ಗುಪ್ತಾ ಅವರಿಗೆ ಹೋಯಿತು. ಅವರೇನು ಸಾಮಾನ್ಯರಲ್ಲ ಬಿಡಿ, ಆದರೂ ನನ್ನ ಕೈಯಲ್ಲಿದ್ದರೆ ಕಮಲೆಗೇ ಕೊಡುತ್ತಿದ್ದೆ.

'ಕೆ.ಜಿ.ಎಫ್. 2' ಶ್ರೇಷ್ಠ ಕನ್ನಡ ಚಿತ್ರವಂತೆ. ಹೊಡೆದಾಟಕ್ಕೂ ಅದಕ್ಕೇ ಪ್ರಶಸ್ತಿ. ಮಗನಿಗೆ ಹಬ್ಬ, ನನಗೆ ತಲೆನೋವು. ಮುಂದಕ್ಕೆ ಹೋಗೋಣ.

ಜಗಳವೆಲ್ಲ ಶ್ರೇಷ್ಠ ನಟಿಯ ಬಗ್ಗೆ. ಇಬ್ಬರಿಗೆ ಹಂಚಿದರು: ತಮಿಳಿನ 'ತಿರುಚಿತ್ರಂಬಲಂ' ಚಿತ್ರಕ್ಕೆ ನಿತ್ಯಾ ಮೆನನ್, ಗುಜರಾತಿಯ 'ಕಛ್ ಎಕ್ಸ್‌ಪ್ರೆಸ್' ಚಿತ್ರಕ್ಕೆ ಮಾನಸಿ ಪಾರೇಖ್. ನಿತ್ಯಾ ಬೆಂಗಳೂರಲ್ಲೇ ಹುಟ್ಟಿದ ಹುಡುಗಿ. 'ಜೋಶ್', 'ಮೈನಾ' ನೋಡಿದವರಿಗೆ ಪರಿಚಯ ಬೇಕಿಲ್ಲ.

ಕಾಲೇಜಿಗೆ ಹೋಗುವ ನನ್ನ ಮಗಳಿಗೆ ಮಾತ್ರ ಸಿಟ್ಟು. "ಅವ್ವಾ, ಸಾಯಿ ಪಲ್ಲವಿಗೆ ಅನ್ಯಾಯ ಆತು. 'ಗಾರ್ಗಿ' ನೋಡಿದೀಯಿಲ್ಲೋ?" ನೋಡಿದ್ದೇನೆ ತಾಯಿ, ನೋಡಿ ಅತ್ತಿದ್ದೇನೆ. ಎಳೆ ಹುಡುಗಿಯ ಮೇಲಿನ ಅತ್ಯಾಚಾರದ ಆರೋಪ ಹೊತ್ತ ತಂದೆ, ಅವನಿಗಾಗಿ ಹೋರಾಡುವ ಶಿಕ್ಷಕಿ ಮಗಳು. ಸಾಯಿ ಪಲ್ಲವಿ ಅದನ್ನು ಉಸಿರು ಬಿಗಿ ಹಿಡಿದು ಅಭಿನಯಿಸಿದ್ದಾಳೆ. ಅವಳಿಗೆ ಬಂದಿದ್ದರೆ ನಾನೂ ಸಕ್ಕರೆ ಹಂಚುತ್ತಿದ್ದೆ. ಆದರೆ ಮಗಳು ಮುಂದುವರಿಸಿ ಅಂದ ಮಾತು ನನಗೆ ಹಿಡಿಸಲಿಲ್ಲ: "ನಿತ್ಯಾ ಏನ್ ಮಾಡ್ಯಾಳ? ನಕ್ಕಾಳ, ಮಾತಾಡ್ಯಾಳ, ಮನ್ಯಾಗ ಓಡಾಡ್ಯಾಳ. ಅಷ್ಟ."

ಅಷ್ಟ! ಈ ಮಾತು ಎಲ್ಲೋ ಕೇಳಿದಂತಿದೆಯಲ್ಲವೆ, ಸೋದರಿಯರೇ? "ದಿನಾ ಮನ್ಯಾಗ ಇರ್ತೀ, ಏನ್ ಮಾಡ್ತೀ?" ಅನ್ನುವುದೂ ಇದೇ ಮಾತೇ.

ಆ ಚಿತ್ರದಲ್ಲಿ ನಿತ್ಯಾ ನಾಯಕನ ಬಾಲ್ಯದ ಗೆಳತಿ ಶೋಭನಾ. ಅವನು ಬೇರೆ ಹುಡುಗಿಯರ ಬೆನ್ನು ಹತ್ತಿದಾಗ ಇವಳು ಚೇಷ್ಟೆ ಮಾಡುತ್ತಾಳೆ, ಬುದ್ಧಿ ಹೇಳುತ್ತಾಳೆ. ತನಗೇ ಅವನ ಮೇಲೆ ಮನಸ್ಸಿದೆ ಅನ್ನುವುದು ಆ ನಗುವಿನ ಹಿಂದೆ ಒಂದು ಕ್ಷಣ ಇಣುಕಿ ಮಾಯವಾಗುತ್ತದೆ. ಅಳುವುದಕ್ಕಿಂತ ಅದು ಸುಲಭವೆ? ಜೋಳದ ರೊಟ್ಟಿಯನ್ನೇ ನೋಡಿ. ಬಡಿಯುವವರ ಕೈ ನೋಡಿದರೆ ಮಕ್ಕಳಾಟ ಅನ್ನಿಸುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ, ಬಿಸಿ ಇದ್ದಾಗಲೇ ಚೆನ್ನಾಗಿ ನಾದದಿದ್ದರೆ ಅಂಚು ಸೀಳಿ ಕೈಯಲ್ಲೇ ಮುರಿಯುತ್ತದೆ. ಮುರಿದಾಗ ಮಾತ್ರ ಊಟಕ್ಕೆ ಕೂತವರು ತಲೆ ಎತ್ತಿ ನೋಡುತ್ತಾರೆ. ಚಂದ ಬಂದ ದಿನ ಯಾರಾದರೂ ನೋಡಿದ್ದುಂಟೆ?

ಇನ್ನೊಂದು ಸಂಗತಿ ಕೇಳಿ. 2025ರಲ್ಲಿ 'ಇಡ್ಲಿ ಕಡೈ' ಚಿತ್ರ ಬಂದಾಗ ನಿತ್ಯಾ ಹೇಳಿಕೊಂಡರು: ಆ ಚಿತ್ರಕ್ಕಾಗಿ ಬರಿಗೈಯಲ್ಲಿ ಸೆಗಣಿ ಮುಟ್ಟಿ ಕುಳ್ಳು ತಟ್ಟಿದ್ದರಂತೆ. ಅದಾಗಿ ದಿಲ್ಲಿಗೆ ಹೋಗಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರಿಂದ ಪ್ರಶಸ್ತಿ ತೆಗೆದುಕೊಳ್ಳುವಾಗ ಉಗುರಿನ ಸಂದಿಯಲ್ಲಿ ಸೆಗಣಿ ಇನ್ನೂ ಇತ್ತಂತೆ! ಇದನ್ನು ನನ್ನ ನೆಗೆಣ್ಣಿಗೆ ಹೇಳಿದೆ. "ಒಂದ್ ದಿನ ಹೆಂಡಿ ಮುಟ್ಟಿದಾಕಿಗೆ ಪ್ರಶಸ್ತಿ. ನಾ ಮೂವತ್ ವರ್ಷ ಕುಳ್ಳ ತಟ್ಟೇನಿ, ನನಗ್ಯಾರ್ ಕೊಡ್ತಾರ್ಬೇ?" ಅಂದಳು. ಪ್ರಶಸ್ತಿ ಬಂದದ್ದು ಬೇರೆ ಚಿತ್ರಕ್ಕೆ ಅಂತ ತಿಳಿಸಿ ಹೇಳಿದೆ. ಅವಳು ಒಪ್ಪಲಿಲ್ಲ. ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

ಮಾನಸಿ ಪಾರೇಖ್ ವೇದಿಕೆಯ ಮೇಲೆಯೇ ಅತ್ತುಬಿಟ್ಟರು, ರಾಷ್ಟ್ರಪತಿಗಳೇ ಸಮಾಧಾನ ಮಾಡಿದರು. ಅವರ ಪಾತ್ರವೂ ನಮ್ಮಂಥ ಗೃಹಿಣಿಯದೇ. ಗಂಡನ ಮನಸ್ಸು ಬೇರೊಬ್ಬಳ ಕಡೆ ವಾಲಿದಾಗ ಚಿತ್ರ ಬರೆಯುವ ತನ್ನ ಕೈಯನ್ನು ನಂಬಿ ನಿಲ್ಲುವವಳು. ಅತ್ತೆಯಾಗಿ ರತ್ನಾ ಪಾಠಕ್ ಷಾ ಇದ್ದಾರೆ. ಸೊಸೆಯ ಪರ ನಿಲ್ಲುವ ಅತ್ತೆ! ಇದನ್ನು ನೋಡಲೇಬೇಕು, ಅತ್ತೆಯ ಜೊತೆ ಕೂತು ನೋಡಿದರೆ ಇನ್ನೂ ಒಳ್ಳೆಯದು.

ಇನ್ನು ನನ್ನ ನಿಜವಾದ ಕೊರಗು. ಶ್ರೇಷ್ಠ ನಟಿ ಪ್ರಶಸ್ತಿ ಕನ್ನಡ ಚಿತ್ರಕ್ಕೆ ಬಂದದ್ದು ಮೂರೇ ಸಲ: 1973ರ 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 2004ರ ಸಾಲಿನಲ್ಲಿ 'ಹಸೀನಾ'ಗೆ ತಾರಾ, 2007ರ ಸಾಲಿನಲ್ಲಿ 'ಗುಲಾಬಿ ಟಾಕೀಸ್'ಗೆ ಉಮಾಶ್ರೀ. ವೈದೇಹಿಯವರ ಕಥೆ ಆಧರಿಸಿದ ಆ ಚಿತ್ರದ ಗುಲಾಬಿ ಸಿನಿಮಾ ಹುಚ್ಚಿನ ಸೂಲಗಿತ್ತಿ, ನಮ್ಮ ಪೈಕಿಯವಳೇ. ಎಷ್ಟೋ ವರ್ಷ ಉಮಾಶ್ರೀ ತೆರೆಗೆ ಬಂದರೆ ಸಾಕು, ಗಂಡಸರು ಸಿಳ್ಳೆ ಹೊಡೆದು ನಗುತ್ತಿದ್ದರು, ನಾವು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದೆವು. ಅದೇ ಉಮಾಶ್ರೀ ದೇಶಕ್ಕೇ ಶ್ರೇಷ್ಠ ನಟಿಯಾದರು. ಅಲ್ಲಿಂದ 2022ರ ಸಾಲಿನವರೆಗೆ ಕನ್ನಡ ಚಿತ್ರದ ಒಬ್ಬ ನಟಿಗೂ ಅದು ಬರಲಿಲ್ಲ. ನಟಿಯರಿಲ್ಲವೆ? ಇದ್ದಾರೆ. ಹೀರೋ ಬಾಗಿಲು ಒದ್ದು ಒಳಗೆ ಬಂದಾಗ ಹೌಹಾರುವುದನ್ನು ಬಿಟ್ಟು ಅವರಿಗೆ ಬೇರೆ ಕೆಲಸ ಬರೆದರೆ ತಾನೆ!

ಕನ್ನಡದ ಯಾವ ನಟಿ, ಯಾವ ಪಾತ್ರಕ್ಕೆ ಈ ಪ್ರಶಸ್ತಿ ಪಡೆಯಬೇಕಿತ್ತು ಅಂತ ನಿಮಗನ್ನಿಸುತ್ತದೆ? ಅತ್ತು ಕರೆದ ಪಾತ್ರವೇ ಆಗಬೇಕಿಲ್ಲ. ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ನನ್ನ ಮಗಳಿಗೂ ಓದಿ ಹೇಳುತ್ತೇನೆ.