40 ಗಜದ ಓಟ, ಎರಡೂವರೆ ಸೆಕೆಂಡಿನ ನಿರ್ಧಾರ

ಭಾನುವಾರ ರಾತ್ರಿ ಹಾಸ್ಟೆಲ್‌ನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ಅಮೆರಿಕನ್ ಫುಟ್‌ಬಾಲ್ ನೋಡೋ ಹುಚ್ಚು ನಮಗೆ ಕೆಲವರಿಗೆ ಹತ್ತಿದೆ. ಆಟ ಅರ್ಥವಾದ ಮೇಲೂ ಒಂದು ವಾದ ಮಾತ್ರ ಮುಗೀತಾನೇ ಇಲ್ಲ: ಕಾಲೇಜಿನಲ್ಲಿ ಮಿಂಚಿದ ಕ್ವಾರ್ಟರ್‌ಬ್ಯಾಕ್ ಎನ್‌ಎಫ್‌ಎಲ್‌ಗೆ ತಯಾರಾಗಿದ್ದಾನೋ ಇಲ್ಲವೋ ಅಂತ ಹೇಳೋದು ಹೇಗೆ?

ಗೊತ್ತಿಲ್ಲದವರಿಗೆ ಒಂದು ಮಾತು. ತಂಡದ ಪ್ರತಿ ದಾಳಿಯೂ ಕ್ವಾರ್ಟರ್‌ಬ್ಯಾಕ್ ಕೈಯಿಂದಲೇ ಶುರು. ಚೆಂಡು ಸಿಕ್ಕ ಎರಡೂವರೆ, ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕು ಅಂತ ಅವನು ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು ಕೆ.ಜಿ. ಆಳುಗಳು ಅವನನ್ನು ಕೆಡವೋಕೆ ಓಡಿ ಬರ್ತಿರ್ತಾರೆ.

ಈ ತೀರ್ಮಾನವನ್ನು ಅಳೆಯೋದು ಕಷ್ಟ. ಹಾಗಾಗಿ ಸುಲಭವಾಗಿ ಅಳೆಯಬಹುದಾದ್ದನ್ನೆಲ್ಲ ಅಳೀತಾರೆ. ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್‌ನಲ್ಲಿ 40 ಗಜದ ಓಟ, ಜಿಗಿತ, ಎತ್ತರ, ಅಂಗೈ ಅಗಲ ಎಲ್ಲ ದಾಖಲಾಗುತ್ತೆ. 12 ನಿಮಿಷಕ್ಕೆ 50 ಪ್ರಶ್ನೆಗಳ ವಂಡರ್‌ಲಿಕ್ ಅನ್ನೋ ಪರೀಕ್ಷೆಯೂ ಇತ್ತು. 2022ರಲ್ಲಿ ಅದನ್ನು ಕೈಬಿಟ್ಟರು.

ಫಲಿತಾಂಶ ನೋಡಿ. 2000ದಲ್ಲಿ ಟಾಮ್ ಬ್ರೇಡಿ 40 ಗಜ ಓಡೋಕೆ 5.28 ಸೆಕೆಂಡ್ ತಗೊಂಡ, 199ನೆಯವನಾಗಿ ಆಯ್ಕೆಯಾದ, ಏಳು ಸೂಪರ್ ಬೌಲ್ ಗೆದ್ದ. 2007ರಲ್ಲಿ ತೋಳಿನ ಬಲಕ್ಕೆ ಹೆಸರಾಗಿದ್ದ ಜಮಾರ್ಕಸ್ ರಸೆಲ್ ಮೊದಲನೆಯವನಾಗಿ ಆಯ್ಕೆಯಾದ. ಮೂರೇ ಸೀಸನ್‌ಗೆ ಅವನ ಎನ್‌ಎಫ್‌ಎಲ್ ಆಟ ಮುಗಿದುಹೋಯ್ತು. 2022ರಲ್ಲಿ ಕಟ್ಟಕಡೆಯ 262ನೆಯವನಾಗಿ ಬಂದ ಬ್ರಾಕ್ ಪರ್ಡಿ, ಮರುವರ್ಷದ ಸೀಸನ್‌ನಲ್ಲೇ ತಂಡವನ್ನು ಸೂಪರ್ ಬೌಲ್‌ಗೆ ಕರ್ಕೊಂಡು ಹೋದ.

ಹಂಗಂತ ಅಳತೆಗಳೆಲ್ಲ ಸುಳ್ಳು ಅಂತ ನಾವು ಹೇಳ್ತಿಲ್ಲ. ತೋಳಲ್ಲಿ ಬಲವೇ ಇಲ್ಲದಿದ್ರೆ ತಲೆ ಎಷ್ಟು ಓಡಿದರೂ ಚೆಂಡು ತಲುಪಲ್ಲ. ಆದರೆ ಒಂದು ಮಟ್ಟ ದಾಟಿದ ಮೇಲೆ ನೋಡಬೇಕಾದ್ದು ಪಂದ್ಯದ ವಿಡಿಯೋ. ಅದರಲ್ಲೂ ಮೂರನೇ ಡೌನ್. ಹತ್ತು ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ ಇದ್ದರೂ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ಒದ್ದು ಎದುರಾಳಿಗೆ ಬಿಟ್ಟುಕೊಡ್ತಾರೆ. ಹಾಗಾಗಿ ಮೂರನೆಯದೇ ನಿಜವಾದ ಪರೀಕ್ಷೆ. ಅಂದುಕೊಂಡ ಆಟಗಾರನಿಗೆ ಎಸೆಯೋ ದಾರಿ ಮುಚ್ಚಿಹೋದಾಗ ಹುಡುಗ ಏನು ಮಾಡ್ತಾನೆ? ತಪ್ಪು ಎಸೆದ ಮೇಲೆ ಮುಂದಿನ ಎಸೆತದಲ್ಲಿ ಕೈ ನಡುಗುತ್ತಾ? ಇದಕ್ಕೆ ಉತ್ತರ ಸಿಗಬೇಕಂದ್ರೆ ತುಂಬಾ ಪಂದ್ಯ ನೋಡಬೇಕು. ಪರ್ಡಿ ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ್ದ, ನೋಡೋಕೆ ಬೇಕಾದಷ್ಟಿತ್ತು.

ಇನ್ನೊಂದು ವಿಷಯ. ತಯಾರಿ ಅನ್ನೋದು ಆಟಗಾರನ ಒಬ್ಬನ ಜವಾಬ್ದಾರಿಯಲ್ಲ. ಟೆಕ್ಸಾಸ್ ಟೆಕ್‌ನಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಮನಸ್ಸಿಗೆ ಬಂದಂತೆ ಎಸೀತಾನೆ, ಎನ್‌ಎಫ್‌ಎಲ್‌ಗೆ ಹೊಂದಲ್ಲ ಅನ್ನೋ ಅನುಮಾನ ಇತ್ತು. 2017ರಲ್ಲಿ ಅವನನ್ನು ತಗೊಂಡ ಕಾನ್ಸಾಸ್ ಸಿಟಿ ತಂಡ, ಅನುಭವಿ ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿ ಆ ವರ್ಷ ಒಂದೇ ಒಂದು ಪಂದ್ಯ ಆಡಿಸಿತು. ಮರುವರ್ಷ ಅವನೇ ಲೀಗಿನ ಶ್ರೇಷ್ಠ ಆಟಗಾರ. ಸೋತ ಹುಡುಗರಲ್ಲಿ ಎಷ್ಟು ಜನಕ್ಕೆ ಇಂಥ ಒಂದು ವರ್ಷ ಸಿಕ್ಕಿತ್ತು? ಹುಡುಗ ರೆಡಿನಾ ಅಂತ ಕೇಳೋ ತಂಡ, ಕಲಿಸೋಕೆ ನಾವು ರೆಡಿನಾ ಅಂತಲೂ ಕೇಳ್ಕೋಬೇಕು ಅನ್ನೋದು ನಮ್ಮ ವಾದ.

ಇದನ್ನೆಲ್ಲ ಈಗ್ಯಾಕೆ ಬರೀತಿದ್ದೀವಿ ಅಂದ್ರೆ, ಪ್ಲೇಸ್‌ಮೆಂಟ್ ಸೀಸನ್ ಬಂದಿದೆ. ರಾತ್ರಿಯಿಡೀ ಕೂತು ಪ್ರಾಜೆಕ್ಟ್‌ನ ಬಗ್ ಹಿಡಿದುಕೊಟ್ಟ ನಮ್ಮ ಗೆಳೆಯನೊಬ್ಬ ಕಳೆದ ವಾರ ಸಿಜಿಪಿಎ ಕಟ್-ಆಫ್‌ನಲ್ಲೇ ಹೊರಗುಳಿದ. ಸಾವಿರ ಅರ್ಜಿ ಬಂದಾಗ ಎಲ್ಲೋ ಒಂದು ಗೆರೆ ಎಳೀಲೇಬೇಕು, ಒಪ್ತೀವಿ. ಆದರೆ ಆ ಗೆರೆ ನೋಡಿ ಅವನು ತನ್ನ ಬೆಲೆ ಕಟ್ಟಿಕೊಳ್ಳೋದು ಬೇಡ. ಮುಂದಿನ ಕಂಪನಿಯ ಫಾರ್ಮ್ ತುಂಬು ಮಾರಾಯ, ಭಾನುವಾರ ಮ್ಯಾಚ್ ನೋಡೋಕೂ ಬಾ.